ಮೂರನೆಯ ದಿನ ಔಷಧದ ಪಟ್ಟಿಯನ್ನು ಮತ್ತೆ ನೋಡಿದವರು ಯಾರು?

ಪ್ರಶ್ನೆ: ನನ್ನ ತಾಯಿಗೆ 64 ವರ್ಷ. ಸಕ್ಕರೆ ಕಾಯಿಲೆ ಇದೆ. ಚಳಿಜ್ವರ, ಉರಿಮೂತ್ರ, ಸೊಂಟದ ಒಂದು ಬದಿಯಲ್ಲಿ ನೋವು ಎಂದು ರಾಯಚೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಮೊದಲ ದಿನವೇ ಸೆಫ್ಟ್ರಿಯಾಕ್ಸೋನ್, ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯೋಟಿಕ್‌ಗಳನ್ನು ಆರಂಭಿಸಿದರು. ಮೂರನೆಯ ದಿನವೂ ಜ್ವರ ಇಳಿಯದಿದ್ದಾಗ ಸೆಫ್ಟ್ರಿಯಾಕ್ಸೋನ್ ನಿಲ್ಲಿಸಿ ಮೆರೋಪೆನೆಮ್ ಹಾಕಿದರು. ಮೆಟ್ರೊನಿಡಜೋಲ್ ಕೊನೆಯವರೆಗೂ ಇತ್ತು. ಮೂತ್ರವನ್ನು ಕಲ್ಚರ್ ಪರೀಕ್ಷೆಗೆ (ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಕಳುಹಿಸಿದ್ದು ನಾಲ್ಕನೆಯ ದಿನ. ‘ಬೆಳವಣಿಗೆ ಇಲ್ಲ’ ಎಂದು ವರದಿ ಬಂತು. ಹತ್ತು ದಿನಗಳ ಬಳಿಕ ಇನ್ನೂ ಏಳು ದಿನಕ್ಕೆ ಫಾರೋಪೆನೆಮ್ ಗುಳಿಗೆ ಬರೆದುಕೊಟ್ಟು ಮನೆಗೆ ಕಳುಹಿಸಿದರು. ತಾಯಿ ಈಗ ಚೆನ್ನಾಗಿದ್ದಾರೆ. ಆದರೆ ಹದಿನೈದು ವರ್ಷಗಳ ಹಿಂದೆ ತಂದೆಗೆ ಇಂಥದೇ ಜ್ವರ ಬಂದಾಗ ತಾಲ್ಲೂಕು ಆಸ್ಪತ್ರೆಯಲ್ಲಿ ಕೊಟ್ಟ ಒಂದೇ ಬಗೆಯ ಗುಳಿಗೆಯಲ್ಲಿ ವಾಸಿಯಾಗಿತ್ತು. ಕಳೆದ ವರ್ಷ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ನನ್ನ ತಂಗಿಗೂ ಏಳು ದಿನ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟರು. ಆಸ್ಪತ್ರೆಗಳಲ್ಲಿ ಇವುಗಳ ಬಳಕೆ ನಿಜವಾಗಿಯೂ ಏರಿದೆಯೇ, ಅಥವಾ ರೋಗವೇ ಬದಲಾಗಿದೆಯೇ? ಮನೆಯವರು ವೈದ್ಯರನ್ನು ಏನು ಕೇಳಬಹುದು? ಉಳಿದಿರುವ ಗುಳಿಗೆಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಬಹುದೇ?
— ಓದುಗರೊಬ್ಬರು, ಸಿಂಧನೂರು

ಉತ್ತರ: ಎರಡೂ ನಡೆದಿವೆ. ರೋಗಾಣುಗಳು ಬದಲಾಗಿವೆ, ಔಷಧ ಬಳಸುವ ರೀತಿಯೂ ಬದಲಾಗಿದೆ. ಒಂದು ಇನ್ನೊಂದನ್ನು ಎಳೆದುಕೊಂಡು ಬಂದಿದೆ. ಸೂಕ್ಷ್ಮಜೀವಿಶಾಸ್ತ್ರದ ಪ್ರಯೋಗಾಲಯದಲ್ಲಿ ಕುಳಿತು ಈ ಭಾಗದ ಜಿಲ್ಲೆಗಳಿಂದ ಬರುವ ಮಾದರಿಗಳನ್ನು ನೋಡುವವಳಾಗಿ, ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಔಷಧಗಳ ಹೆಸರುಗಳಿಗಿಂತ ಆ ‘ನಾಲ್ಕನೆಯ ದಿನ’.

ನಿಮ್ಮ ತಾಯಿಯವರನ್ನು ಪರೀಕ್ಷಿಸದೆ ಅಲ್ಲಿನ ವೈದ್ಯರ ತೀರ್ಮಾನವನ್ನು ತೂಗುವುದು ನ್ಯಾಯವಲ್ಲ. ನೀವು ಕೊಟ್ಟ ವಿವರಗಳಿಂದ ಕಾಣುವಷ್ಟನ್ನು ಹೇಳುತ್ತೇನೆ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಚಳಿಜ್ವರ, ಉರಿಮೂತ್ರದ ಜೊತೆ ಸೊಂಟದ ಬದಿ ನೋವು ಬಂದರೆ ಸೋಂಕು ಮೂತ್ರಪಿಂಡದವರೆಗೆ ಏರಿರುವ ಸಾಧ್ಯತೆ ಹೆಚ್ಚು. ಅಲ್ಲಿಂದ ನಂಜು ರಕ್ತಕ್ಕೆ ಹರಡಲು ಬಹಳ ಹೊತ್ತು ಬೇಕಾಗಿಲ್ಲ. ರಕ್ತದೊತ್ತಡ ಕುಸಿಯುವ ಮಟ್ಟಕ್ಕೆ ನಂಜು ಏರಿದ್ದರೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಕೊಡಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳೇ ಹೇಳುತ್ತವೆ. ಆದ್ದರಿಂದ ಮೊದಲ ದಿನವೇ ಇಂಜೆಕ್ಷನ್ ಆರಂಭಿಸಿದ್ದು ಸರಿ. ಮೂರನೆಯ ದಿನ ಮೆರೋಪೆನೆಮ್ ಬೇಕಾಗಿದ್ದಿರಲೂಬಹುದು. ಆದರೆ ಮೊದಲ ಡೋಸಿಗೆ ಮುಂಚೆ ಶುದ್ಧವಾದ ಡಬ್ಬಿಯಲ್ಲಿ ಸ್ವಲ್ಪ ಮೂತ್ರ, ಕಲ್ಚರ್ ಬಾಟಲಿಗಳಲ್ಲಿ ಸ್ವಲ್ಪ ರಕ್ತ ತೆಗೆದಿಟ್ಟಿದ್ದರೆ, ಮೂರನೆಯ ದಿನದ ಆ ತೀರ್ಮಾನವನ್ನು ಅಂದಾಜಿನ ಮೇಲೆ ಮಾಡಬೇಕಾಗಿರಲಿಲ್ಲ. ಹೇಳಬೇಕಾದ ಮುಖ್ಯ ಮಾತು ಇದೇ. ನಮ್ಮ ಆಸ್ಪತ್ರೆಗಳಲ್ಲಿ ಆ್ಯಂಟಿಬಯೋಟಿಕ್ ಆರಂಭಿಸುವುದಕ್ಕೆ ಕಾರಣ ಸಾಮಾನ್ಯವಾಗಿ ಇರುತ್ತದೆ. ಆರಂಭಿಸಿದ್ದನ್ನು ಎರಡು ಮೂರು ದಿನ ಕಳೆದ ಮೇಲೆ ವರದಿ ಮುಂದಿಟ್ಟುಕೊಂಡು ಮತ್ತೆ ನೋಡುವ ರೂಢಿ ಮಾತ್ರ ಇಲ್ಲ.

ಇದು ನನ್ನೊಬ್ಬಳ ಅನಿಸಿಕೆಯಲ್ಲ. ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರವು 2021ರ ನವೆಂಬರ್‌ನಿಂದ 2022ರ ಏಪ್ರಿಲ್‌ವರೆಗೆ ದೇಶದ 20 ದೊಡ್ಡ ಆಸ್ಪತ್ರೆಗಳಲ್ಲಿ ಸಮೀಕ್ಷೆ ನಡೆಸಿತು. ಗೊತ್ತುಪಡಿಸಿದ ದಿನ ವಾರ್ಡಿನಲ್ಲಿದ್ದ ರೋಗಿಗಳಿಗೆ ಅಂದು ಯಾವ ಆ್ಯಂಟಿಬಯೋಟಿಕ್ ಹೋಗುತ್ತಿದೆ, ಏಕೆ ಹೋಗುತ್ತಿದೆ ಎಂದು ಬರೆದುಕೊಳ್ಳುವ ವಿಧಾನ ಅದು. ನೋಡಿದ 9,652 ರೋಗಿಗಳ ಪೈಕಿ ಶೇ 71.9 ಮಂದಿ ಆ್ಯಂಟಿಬಯೋಟಿಕ್ ಮೇಲಿದ್ದರು. ಅದರಲ್ಲಿ ಶೇ 55ರಷ್ಟು ಕೊಟ್ಟಿದ್ದು ಇರುವ ಸೋಂಕಿಗಲ್ಲ, ಮುಂದೆ ಸೋಂಕು ಬಾರದಿರಲಿ ಎಂಬ ಮುನ್ನೆಚ್ಚರಿಕೆಗೆ. ಚಿಕಿತ್ಸೆಗೆಂದು ಕೊಟ್ಟ ಉಳಿದ ಶೇ 45ರಲ್ಲಿ, ಯಾವ ರೋಗಾಣು ಎಂದು ಖಚಿತವಾದ ಮೇಲೆ ಆರಿಸಿದ ಔಷಧದ ಪಾಲು ಶೇ 6 ಮಾತ್ರ. ಮಿಕ್ಕ ಶೇ 94 ವೈದ್ಯರ ಅಂದಾಜು. ಇವು ವೈದ್ಯಕೀಯ ಕಾಲೇಜುಗಳ ಮಟ್ಟದ, ಪ್ರಯೋಗಾಲಯ ಪಕ್ಕದಲ್ಲೇ ಇರುವ ಆಸ್ಪತ್ರೆಗಳು. ಕಲ್ಚರ್ ಸೌಲಭ್ಯವೇ ಇಲ್ಲದ ಮಾನ್ವಿ, ಕುಷ್ಟಗಿ, ಸಿರುಗುಪ್ಪದಂಥ ಊರುಗಳ ನರ್ಸಿಂಗ್ ಹೋಮುಗಳಲ್ಲಿ ಇದು ಇನ್ನೂ ಹೇಗಿದ್ದೀತು ಎಂಬುದನ್ನು ನೀವೇ ಊಹಿಸಬಹುದು.

ಯಾವ ಗುಂಪಿನ ಔಷಧ ಎಂಬುದೂ ಅಷ್ಟೇ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆ್ಯಂಟಿಬಯೋಟಿಕ್‌ಗಳನ್ನು ಆ್ಯಕ್ಸೆಸ್, ವಾಚ್, ರಿಸರ್ವ್ ಎಂದು ಮೂರು ಗುಂಪು ಮಾಡಿತು. ಮೊದಲನೆಯದು ಎಲ್ಲ ಕಡೆ ಸಿಗಬೇಕಾದ, ಮೊದಲು ಬಳಸಬೇಕಾದ ಔಷಧಗಳದ್ದು: ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್, ಸೆಫಾಜೊಲಿನ್, ಅಮಿಕಾಸಿನ್ ಇದರಲ್ಲಿವೆ. ಎರಡನೆಯದು ಕಣ್ಣಿಟ್ಟು ಬಳಸಬೇಕಾದ ಗುಂಪು: ಸೆಫ್ಟ್ರಿಯಾಕ್ಸೋನ್, ಅಜಿತ್ರೊಮೈಸಿನ್, ಸಿಪ್ರೊಫ್ಲಾಕ್ಸಾಸಿನ್, ಮೆರೋಪೆನೆಮ್. ಮೂರನೆಯದು ಬೇರೆ ಯಾವುದೂ ನಡೆಯದಿದ್ದಾಗ ತೆಗೆಯಬೇಕಾದದ್ದು, ಕಾಲಿಸ್ಟಿನ್, ಫಾರೋಪೆನೆಮ್ ಅಲ್ಲಿವೆ. 2024ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ದೇಶಗಳು ಒಪ್ಪಿಕೊಂಡ ಗುರಿಯೆಂದರೆ 2030ರೊಳಗೆ ಒಟ್ಟು ಬಳಕೆಯಲ್ಲಿ ಮೊದಲ ಗುಂಪಿನ ಪಾಲು ಶೇ 70 ಆಗಬೇಕು. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಅದು ಶೇ 38 ಇತ್ತು, ಎರಡನೆಯ ಗುಂಪು ಶೇ 57. ನಿಮ್ಮ ತಾಯಿಯವರ ಪಟ್ಟಿಯನ್ನೇ ನೋಡಿ: ನಾಲ್ಕು ಔಷಧಗಳಲ್ಲಿ ಎರಡು ಎರಡನೆಯ ಗುಂಪಿನವು, ಒಂದು ಮೂರನೆಯ ಗುಂಪಿನದು. ಮೊದಲ ಗುಂಪಿನ ಒಂದೇ ಒಂದು ಮೆಟ್ರೊನಿಡಜೋಲ್, ಬೇಕಾಗಿಲ್ಲದ ಕಡೆ ಸೇರಿದಂತೆ ಕಾಣುತ್ತದೆ. ಆ ಮಾತಿಗೆ ಮುಂದೆ ಬರುತ್ತೇನೆ.

ಒಟ್ಟು ಪ್ರಮಾಣದ ಬಗ್ಗೆ ಒಂದು ಸ್ಪಷ್ಟನೆ ಬೇಕು. 2000ದಿಂದ 2015ರ ನಡುವೆ ಭಾರತದ ಒಟ್ಟು ಆ್ಯಂಟಿಬಯೋಟಿಕ್ ಬಳಕೆ ಇಮ್ಮಡಿಯಾಯಿತು. ಆದರೂ ತಲಾವಾರು ಲೆಕ್ಕ ಹಾಕಿದರೆ ನಾವು ಅನೇಕ ಶ್ರೀಮಂತ ದೇಶಗಳಿಗಿಂತ ಕಡಿಮೆಯೇ ಬಳಸುತ್ತೇವೆ. ಹಾಗಾಗಿ ‘ಭಾರತೀಯರು ಆ್ಯಂಟಿಬಯೋಟಿಕ್ ನುಂಗುತ್ತಲೇ ಇರುತ್ತಾರೆ’ ಎಂಬ ಸಸಾರದ ಮಾತು ನನಗೆ ಒಪ್ಪಿಗೆಯಿಲ್ಲ. ಬೇಡವಾದವರಿಗೆ ಬೇಡವಾದದ್ದು ಹೋಗುತ್ತಿದೆ. ಬೇಕಾದವರಿಗೆ ಬೇಕಾದದ್ದು ಸಿಗುತ್ತಿಲ್ಲ. 2019ರ ಮಾಹಿತಿಯನ್ನು ಇಟ್ಟುಕೊಂಡು ಎಂಟು ದೇಶಗಳನ್ನು ನೋಡಿದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಮೆರೋಪೆನೆಮ್ ವರ್ಗದ ಔಷಧಕ್ಕೂ ಬಗ್ಗದ ಸೋಂಕು ತಗುಲಿದ ಭಾರತೀಯರಲ್ಲಿ ಸೂಕ್ತ ಔಷಧ ದೊರೆತದ್ದು ಶೇ 7.8 ಮಂದಿಗೆ ಎಂದು ಅದು ಅಂದಾಜಿಸಿತು.

ಈಗ ರೋಗಾಣುಗಳ ಕಡೆ. ತಂದೆಯವರಿಗೆ ಹಿಂದೆ ಕೊಟ್ಟ ಗುಳಿಗೆ ಬಹುಶಃ ಸಿಪ್ರೊಫ್ಲಾಕ್ಸಾಸಿನ್ ಅಥವಾ ಅದರ ಬಳಗದ್ದು ಇದ್ದೀತು. ಮೂತ್ರದ ಸೋಂಕಿಗೆ ಬಹುಪಾಲು ಕಾರಣವಾಗುವುದು ಇ.ಕೋಲಿ ಎಂಬ, ನಮ್ಮೆಲ್ಲರ ಕರುಳಿನಲ್ಲೇ ವಾಸಿಸುವ ಬ್ಯಾಕ್ಟೀರಿಯಾ. ಇಂದು ಅದರ ಮೇಲೆ ಆ ಗುಳಿಗೆಯನ್ನು ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಅದು ಹಾಳಾದ ಮೇಲೆ ಆಸ್ಪತ್ರೆಗಳು ಸೆಫ್ಟ್ರಿಯಾಕ್ಸೋನ್ ಹಿಡಿದವು. ಈ ಔಷಧ ಅಷ್ಟು ಜನಪ್ರಿಯವಾದದ್ದು ಸುಮ್ಮನೆ ಅಲ್ಲ. ಬೆಲೆ ಕಡಿಮೆ, ದಿನಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ ಕೊಟ್ಟರೆ ಸಾಕು, ನರಕ್ಕೂ ಸ್ನಾಯುವಿಗೂ ಕೊಡಬಹುದು, ನ್ಯುಮೋನಿಯಾದಿಂದ ಮೆದುಳು ಪೊರೆಯ ಜ್ವರದವರೆಗೆ ಹತ್ತಾರು ರೋಗಗಳಿಗೆ ನಡೆಯುತ್ತದೆ. ರಾತ್ರಿ ಪಾಳಿಯ ಒಬ್ಬರೇ ವೈದ್ಯರು ಮೂವತ್ತು ಹಾಸಿಗೆ ನೋಡುವಲ್ಲಿ ಇಂಥ ಔಷಧ ವರದಾನವೇ. ಆದರೆ ಎಲ್ಲ ಜ್ವರಕ್ಕೂ ಅದೇ ಹೋದಾಗ, ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಅದನ್ನು ಕತ್ತರಿಸಿಹಾಕುವ ಇಎಸ್‌ಬಿಎಲ್ ಎಂಬ ಕಿಣ್ವ ಇರುವವು ಉಳಿದು ಹೆಚ್ಚಿದವು. ನಿಮ್ಮ ಭಾಗದ ಹತ್ತಿ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಿಟಿ ಹತ್ತಿಗೆ ಮೊದಲು ಸಾಯುತ್ತಿದ್ದ ಗುಲಾಬಿ ಕಾಯಿಕೊರಕ, ಕೆಲವೇ ವರ್ಷಗಳಲ್ಲಿ ಅದೇ ಕಾಯಿಯೊಳಗೆ ಕುಳಿತು ತಿನ್ನತೊಡಗಿದ್ದು ಇದೇ ಕಾರಣಕ್ಕೆ: ಸಾಯದೆ ಉಳಿದವುಗಳ ಸಂತತಿಯೇ ಹೊಲ ತುಂಬಿತು.

ಇಎಸ್‌ಬಿಎಲ್ ಬಂದ ಮೇಲೆ ಮೆರೋಪೆನೆಮ್, ಇಮಿಪೆನೆಮ್‌ಗಳ ಸರದಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜಾಲದ ಆಸ್ಪತ್ರೆಗಳಲ್ಲಿ 2017ರಲ್ಲಿ ಇ.ಕೋಲಿಯ ಶೇ 81.4 ಮಾದರಿಗಳು ಇಮಿಪೆನೆಮ್‌ಗೆ ಬಗ್ಗುತ್ತಿದ್ದವು. 2023ರ ಹೊತ್ತಿಗೆ ಅದು ಶೇ 62.7ಕ್ಕೆ ಇಳಿಯಿತು. ತೀವ್ರ ನಿಗಾ ಘಟಕಗಳಲ್ಲಿ ಹೆಚ್ಚು ಕಾಡುವ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದ ಸ್ಥಿತಿ ಇನ್ನೂ ಕೆಟ್ಟಿದೆ: ಶೇ 58.5ರಿಂದ ಶೇ 35.6ಕ್ಕೆ. ಇವು ದೊಡ್ಡ ಆಸ್ಪತ್ರೆಗಳ ಗಂಭೀರ ರೋಗಿಗಳ ಲೆಕ್ಕ. ಮನೆಯಲ್ಲಿದ್ದ ನಿಮ್ಮ ತಾಯಿಯವರ ಮೂತ್ರದ ಸೋಂಕಿಗೆ ಇದನ್ನು ನೇರವಾಗಿ ಅನ್ವಯಿಸಬಾರದು. ಆದರೆ ಇಳಿಜಾರು ಯಾವ ಕಡೆಗಿದೆ ಎಂದು ತಿಳಿಯಲು ಸಾಕು. ಮೆರೋಪೆನೆಮ್ ಸೋತ ಮೇಲೆ ಉಳಿಯುವ ಕಾಲಿಸ್ಟಿನ್ ಮೂತ್ರಪಿಂಡಕ್ಕೆ ಪೆಟ್ಟು ಕೊಡುವ ಔಷಧ. ಕೋಳಿ ಸಾಕಣೆಯಲ್ಲಿ ಅದನ್ನು ಮೇವಿಗೆ ಬೆರೆಸುತ್ತಿದ್ದುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಅದು ಮನುಷ್ಯರಿಗೆ ಕೊನೆಯ ಆಸರೆಯೆಂಬ ಕಾರಣಕ್ಕೆ.

ಕೋವಿಡ್ ಕಾಲ ಇದಕ್ಕೆ ತುಪ್ಪ ಸುರಿಯಿತು. ವೈರಾಣುವಿನ ಮೇಲೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ ಎಂದು ಎಲ್ಲರಿಗೂ ಗೊತ್ತಿದ್ದರೂ 2020ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದಲ್ಲಿ ನಿರೀಕ್ಷೆಗಿಂತ ಸುಮಾರು 21.6 ಕೋಟಿ ಡೋಸ್ ಹೆಚ್ಚುವರಿಯಾಗಿ ಮಾರಾಟವಾಯಿತೆಂಬ ಅಂದಾಜಿದೆ. ಅಜಿತ್ರೊಮೈಸಿನ್ ಹೆಸರು ಹಳ್ಳಿಹಳ್ಳಿಯ ಬಾಯಿಗೆ ಬಂದದ್ದು ಆಗಲೇ.

ಮೂರನೆಯ ದಿನದ ವಿಷಯಕ್ಕೆ ಮರಳೋಣ. ಪ್ರಯೋಗಾಲಯದೊಳಗೆ ಏನಾಗುತ್ತದೆ ಎಂದು ತಿಳಿದರೆ ಆ ದಿನಕ್ಕೆ ಏಕೆ ಇಷ್ಟು ಬೆಲೆ ಎಂಬುದು ಗೊತ್ತಾಗುತ್ತದೆ. ದೊಡ್ಡವರಿಗೆ ಒಂದೊಂದು ಬಾಟಲಿಗೆ 8ರಿಂದ 10 ಮಿಲಿಲೀಟರ್ ರಕ್ತ, ಎರಡು ಬೇರೆ ಜಾಗಗಳಿಂದ, ಚರ್ಮವನ್ನು ಚೆನ್ನಾಗಿ ಒರೆಸಿ ತೆಗೆಯಬೇಕು. ಬಾಟಲಿಗಳು ಯಂತ್ರದೊಳಗೆ ಹೋಗುತ್ತವೆ. ಬ್ಯಾಕ್ಟೀರಿಯಾ ಇದ್ದರೆ ಅನೇಕ ಸಲ 24 ಗಂಟೆಯೊಳಗೇ ಯಂತ್ರ ಸೂಚನೆ ಕೊಡುತ್ತದೆ. ತಕ್ಷಣ ಒಂದು ಹನಿಯನ್ನು ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೋಡಿದರೆ ಅದು ಯಾವ ಬಳಗದ್ದೆಂದು ತಿಳಿಯುತ್ತದೆ. ಆ ಮಾತನ್ನು ವಾರ್ಡಿಗೆ ಫೋನಿನಲ್ಲಿ ಹೇಳಬೇಕು. ಮರುದಿನ ಹೆಸರು, ಯಾವ ಔಷಧಕ್ಕೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂಬ ಪಟ್ಟಿ. ಮೂತ್ರವಾದರೆ ಒಂದರಿಂದ ಎರಡು ದಿನ ಸಾಕು. ಅಂದರೆ ಮೊದಲ ದಿನ ಕಳುಹಿಸಿದ್ದಕ್ಕೆ ಉತ್ತರ ಸರಿಸುಮಾರು ಮೂರನೆಯ ದಿನ ಕೈಗೆ ಬರುತ್ತದೆ. ಆ ಹೊತ್ತಿಗೆ ರೋಗಿ ಹೇಗೆ ಸ್ಪಂದಿಸಿದ್ದಾರೆ ಎಂಬುದೂ ಕಾಣುತ್ತದೆ. ಎರಡನ್ನೂ ಜೊತೆಗಿಟ್ಟು ನಿಲ್ಲಿಸುವುದೋ, ಕೆಲವೇ ಬ್ಯಾಕ್ಟೀರಿಯಾಗಳಿಗೆ ಸೀಮಿತವಾದ ಔಷಧಕ್ಕೆ ಇಳಿಯುವುದೋ, ಗುಳಿಗೆಗೆ ಬದಲಿಸುವುದೋ, ಹೆಚ್ಚಿಸುವುದೋ ಎಂದು ತೀರ್ಮಾನಿಸಬೇಕಾದ ಹೊತ್ತು ಅದು.

ನಾಲ್ಕನೆಯ ದಿನ, ಎರಡು ಪ್ರಬಲ ಔಷಧಗಳು ಹೋದ ಮೇಲೆ ತೆಗೆದ ಮೂತ್ರದಲ್ಲಿ ಏನೂ ಬೆಳೆಯದಿರುವುದು ಅಚ್ಚರಿಯಲ್ಲ. ‘ಬೆಳವಣಿಗೆ ಇಲ್ಲ’ ಎಂಬ ಆ ವರದಿ ಸೋಂಕು ಇರಲಿಲ್ಲ ಎಂದೂ ಹೇಳುವುದಿಲ್ಲ, ಯಾವ ಸೋಂಕೆಂದೂ ಹೇಳುವುದಿಲ್ಲ. ಮೊದಲ ದಿನವೇ ಕಳುಹಿಸಿದ್ದರೆ ಎರಡರಲ್ಲಿ ಒಂದು ಆಗುತ್ತಿತ್ತು. ಇಎಸ್‌ಬಿಎಲ್ ಇರುವ ಇ.ಕೋಲಿ ಎಂದು ತಿಳಿದಿದ್ದರೆ ಮೆರೋಪೆನೆಮ್‌ಗೆ ಗಟ್ಟಿಯಾದ ಕಾರಣ ಸಿಗುತ್ತಿತ್ತು, ಅದು ಬಗ್ಗುವ ಬೇರೆ ಗುಳಿಗೆ ಪಟ್ಟಿಯಲ್ಲಿದ್ದರೆ ಜ್ವರ ಇಳಿದ ಮೇಲೆ ಅದಕ್ಕೆ ಬದಲಿಸಿ ಬೇಗ ಮನೆಗೆ ಕಳುಹಿಸಬಹುದಿತ್ತು. ಸಾಧಾರಣ ಇ.ಕೋಲಿ ಎಂದು ತಿಳಿದಿದ್ದರೆ, ಜ್ವರ ಇಳಿಯಲು ಇನ್ನೊಂದು ದಿನ ಕಾಯುವ ಧೈರ್ಯ ವೈದ್ಯರಿಗೆ ಬರುತ್ತಿತ್ತು. ಮೂತ್ರಪಿಂಡದ ಸೋಂಕಿನಲ್ಲಿ ಸರಿಯಾದ ಔಷಧ ಹೋಗುತ್ತಿದ್ದರೂ ಜ್ವರ ಎರಡು ಮೂರು ದಿನ ಇರುವುದುಂಟು. ಎಪ್ಪತ್ತೆರಡು ಗಂಟೆ ದಾಟಿಯೂ ಇಳಿಯದಿದ್ದರೆ ಕಲ್ಲು ಅಡ್ಡವಾಗಿದೆಯೇ, ಕೀವು ಕಟ್ಟಿದೆಯೇ ಎಂದು ಸ್ಕ್ಯಾನಿಂಗ್‌ನಲ್ಲಿ ನೋಡಬೇಕು. ಕಟ್ಟಿದ ಕೀವು ಹೊರಹೋಗದೆ ಯಾವ ದುಬಾರಿ ಔಷಧವೂ ಗೆಲ್ಲುವುದಿಲ್ಲ.

ಕಲ್ಚರ್ ಏಕೆ ಹೋಗುವುದಿಲ್ಲ ಎಂಬುದಕ್ಕೆ ವೈದ್ಯರನ್ನಷ್ಟೇ ದೂರಿದರೆ ಪ್ರಯೋಜನವಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಸೂಕ್ಷ್ಮಜೀವಿಶಾಸ್ತ್ರ ವಿಭಾಗಗಳಿವೆ. ಆದರೆ ರೋಗಿ ಬರುವುದು ಲಿಂಗಸುಗೂರಿನಿಂದ, ಯಲಬುರ್ಗಾದಿಂದ, ಸಂಡೂರಿನ ಗಣಿ ಹಳ್ಳಿಗಳಿಂದ. ಬರುವಷ್ಟರಲ್ಲಿ ಊರಿನಲ್ಲಿ ಎರಡು ಮೂರು ಇಂಜೆಕ್ಷನ್ ಆಗಿರುತ್ತದೆ. ಖಾಸಗಿಯಲ್ಲಿ ಕಲ್ಚರ್ ಶುಲ್ಕವನ್ನು ರೋಗಿಯ ಮನೆಯವರು ಕೊಡಬೇಕು. ‘ಮೊದಲು ಜ್ವರ ಇಳಿಸಿ, ಪರೀಕ್ಷೆ ಆಮೇಲೆ’ ಎನ್ನುವವರು ಬಹಳ. ಇನ್ನು ನಮ್ಮ ಬಿಸಿಲು. ಮೂತ್ರದ ಮಾದರಿ ಎರಡು ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕು, ಇಲ್ಲವೇ ಫ್ರಿಜ್ಜಿನಲ್ಲಿರಬೇಕು. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ಕಾಯುವ ರಾಯಚೂರಿನಲ್ಲಿ ಆ ಡಬ್ಬಿ ಕಿಟಕಿಯ ಬಳಿ ಅರ್ಧ ದಿನ ಕುಳಿತರೆ, ಚರ್ಮದಿಂದ ಬಿದ್ದ ನಾಲ್ಕು ಬ್ಯಾಕ್ಟೀರಿಯಾಗಳೂ ಲಕ್ಷವಾಗುತ್ತವೆ. ವರದಿ ‘ಸೋಂಕು ಇದೆ’ ಎನ್ನುತ್ತದೆ, ಇಲ್ಲದ ಸೋಂಕಿಗೆ ಔಷಧ ಆರಂಭವಾಗುತ್ತದೆ. ಒಂದು ತಂಪು ಪೆಟ್ಟಿಗೆ, ಮಾದರಿ ಒಯ್ಯಲು ಹೊತ್ತಿಗೆ ಸರಿಯಾಗಿ ಒಬ್ಬ ಸಿಬ್ಬಂದಿ: ಇಷ್ಟು ಸಣ್ಣ ಏರ್ಪಾಟಿಗೆ ನಮ್ಮ ಆಸ್ಪತ್ರೆಗಳು ಮನಸ್ಸು ಮಾಡಿದರೆ ಆಗುವ ಲಾಭ ಹೊಸ ಔಷಧವೊಂದರಿಂದ ಆಗುವುದಕ್ಕಿಂತ ಹೆಚ್ಚು ಎಂದು ನಾನು ದೃಢವಾಗಿ ನಂಬಿದ್ದೇನೆ.

ಮೆಟ್ರೊನಿಡಜೋಲ್ ಬಗ್ಗೆ. ಅದು ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳನ್ನೂ ಅಮೀಬಾವನ್ನೂ ಕೊಲ್ಲುವ ಔಷಧ. ಸಾಧಾರಣ ಮೂತ್ರದ ಸೋಂಕಿನಲ್ಲಿ ಅವುಗಳ ಪಾತ್ರವಿಲ್ಲ. ಅದಕ್ಕಿಂತ ಮುಖ್ಯವಾಗಿ, ಮೆರೋಪೆನೆಮ್ ಆ ಬ್ಯಾಕ್ಟೀರಿಯಾಗಳನ್ನು ತಾನೇ ಕೊಲ್ಲುತ್ತದೆ. ಅಮೀಬಾದ ಯಕೃತ್ತಿನ ಬಾವಿನಂಥ ಕೆಲವು ಸ್ಥಿತಿಗಳನ್ನು ಬಿಟ್ಟರೆ ಎರಡನ್ನೂ ಒಟ್ಟಿಗೆ ಕೊಡುವುದು ಒಂದೇ ಕೆಲಸಕ್ಕೆ ಇಬ್ಬರಿಗೆ ಕೂಲಿ ಕೊಟ್ಟಂತೆ. ನಾನು ನೋಡುವ ಕೇಸ್ ಶೀಟುಗಳಲ್ಲಿ ಇದು ತೀರಾ ಸಾಮಾನ್ಯ. ಮೊದಲ ದಿನ ಬರೆದದ್ದನ್ನು ಪ್ರತಿದಿನ ಹಾಗೆಯೇ ಕೆಳಗಿಳಿಸುತ್ತಾ ಹೋಗುವುದರ ಫಲ. ಇದರಿಂದ ವಾಕರಿಕೆ, ಬಾಯಲ್ಲಿ ಲೋಹದ ರುಚಿ, ಊಟ ಸೇರದಿರುವುದು. ಹಿರಿಯರು ಹತ್ತು ದಿನ ಸರಿಯಾಗಿ ಉಣ್ಣದೆ ನಿತ್ರಾಣರಾಗುವುದರ ಹಿಂದೆ ಇಂಥ ಔಷಧವೂ ಇರುತ್ತದೆ.

ಫಾರೋಪೆನೆಮ್ ಮೆರೋಪೆನೆಮ್‌ನ ದೂರದ ಬಂಧು, ಗುಳಿಗೆಯ ರೂಪದಲ್ಲಿ ಸಿಗುತ್ತದೆ. ಅಮೆರಿಕದಲ್ಲಿ ಅದಕ್ಕೆ ಅನುಮೋದನೆ ಇಲ್ಲ. ಮೂತ್ರಪಿಂಡದ ಸೋಂಕಿನಲ್ಲಿ ಅದರ ಪರವಾದ ಗಟ್ಟಿ ಸಾಕ್ಷ್ಯ ಕಡಿಮೆ. ಇಲ್ಲಿ ಮಾತ್ರ ಡಿಸ್ಚಾರ್ಜ್ ಆಗುವಾಗ ಕೈಗೆ ಕೊಡುವ ರೂಢಿ ಬೆಳೆದಿದೆ. ಒಟ್ಟು ಹದಿನೇಳು ದಿನ! ಹೆಚ್ಚಿನ ಮೂತ್ರಪಿಂಡದ ಸೋಂಕುಗಳಿಗೆ ಸರಿಯಾದ ಔಷಧ ಏಳು ದಿನ ಸಾಕು. ಬ್ಯಾಕ್ಟೀರಿಯಾ ರಕ್ತಕ್ಕೇ ಸೇರಿದ 3,600ಕ್ಕೂ ಹೆಚ್ಚು ರೋಗಿಗಳನ್ನು ಏಳು ದೇಶಗಳಲ್ಲಿ ನೋಡಿದ, 2024ರಲ್ಲಿ ಪ್ರಕಟವಾದ ಬ್ಯಾಲೆನ್ಸ್ ಎಂಬ ಅಧ್ಯಯನದಲ್ಲಿ 7 ದಿನದ ಚಿಕಿತ್ಸೆ 14 ದಿನದ ಚಿಕಿತ್ಸೆಗಿಂತ ಹಿಂದೆ ಬೀಳಲಿಲ್ಲ. ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ, ಹೃದಯದ ಕವಾಟದ ಸೋಂಕು, ಮೂಳೆಯ ಸೋಂಕು, ಕ್ಷಯ ಇವು ಬೇರೆ. ಅವುಗಳಿಗೆ ವಾರಗಳೋ ತಿಂಗಳುಗಳೋ ಬೇಕು. ಹಾಗಾಗಿ ನಡುವೆ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ‘ಒಟ್ಟು ಎಷ್ಟು ದಿನ, ಏಕೆ’ ಎಂದು ಆರಂಭದಲ್ಲೇ ಕೇಳಿ.

ನೀವು ಕೇಳದಿದ್ದರೂ ಹೇಳಲೇಬೇಕಾದ ಎರಡು ಸಂಗತಿಗಳಿವೆ. ಒಂದು ಟೈಫಾಯಿಡ್. ನಮ್ಮ ಭಾಗದಲ್ಲಿ ಮೂರು ದಿನ ಜ್ವರ ಬಂದವರಿಗೆಲ್ಲ ವಿಡಾಲ್ ಎಂಬ ರಕ್ತಪರೀಕ್ಷೆ ಆಗುತ್ತದೆ, ಅರ್ಧಕ್ಕರ್ಧ ಜನ ‘ಟೈಫಾಯಿಡ್ ಇದೆಯಂತೆ’ ಎಂದುಕೊಂಡು ಬರುತ್ತಾರೆ, ಬೆಳಿಗ್ಗೆ ಸಂಜೆ ಸೆಫ್ಟ್ರಿಯಾಕ್ಸೋನ್ ಆರಂಭವಾಗುತ್ತದೆ. ಒಂದೇ ಒಂದು ವಿಡಾಲ್ ಫಲಿತಾಂಶವನ್ನು ನಂಬಿ ಟೈಫಾಯಿಡ್ ಎನ್ನಲಾಗದು. ಹಿಂದೆ ಬಂದ ಸೋಂಕು, ಬೇರೆ ಜ್ವರಗಳು ಕೂಡ ಅದನ್ನು ಏರಿಸಬಲ್ಲವು. ರಕ್ತದ ಕಲ್ಚರ್ ಇದಕ್ಕೆ ಸರಿಯಾದ ದಾರಿ. ಆ ಜ್ವರ ಡೆಂಗಿ ಆಗಿದ್ದರೆ ಯಾವ ಆ್ಯಂಟಿಬಯೋಟಿಕ್ ಕೂಡ ಬೇಡ. ಹೊಲದ ಕೆಲಸದವರಲ್ಲಿ ಕಾಣುವ ಸ್ಕ್ರಬ್ ಟೈಫಸ್ ಆಗಿದ್ದರೆ ಸೆಫ್ಟ್ರಿಯಾಕ್ಸೋನ್ ಎಷ್ಟು ದಿನ ಕೊಟ್ಟರೂ ವ್ಯರ್ಥ. ಅಗ್ಗದ ಡಾಕ್ಸಿಸೈಕ್ಲಿನ್‌ಗೆ ಎರಡು ದಿನದಲ್ಲಿ ಜ್ವರ ಇಳಿಯುತ್ತದೆ. ಅಂಗಡಿಯಲ್ಲಿ ಬೆಲೆ ಕಡಿಮೆ ಎಂದು ಔಷಧದ ಶಕ್ತಿಯೂ ಕಡಿಮೆ ಎಂದುಕೊಳ್ಳುವುದು ಎಂಥ ತಪ್ಪೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಇನ್ನೊಂದು ವಾಂತಿಭೇದಿ. 2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ಕೊಪ್ಪಳ ಜಿಲ್ಲೆಯ ಬಸರಿಹಾಳದಲ್ಲಿ ಕಲುಷಿತ ನೀರು ಜೀವಗಳನ್ನು ತೆಗೆಯಿತು. ಅಂಥ ದಿನಗಳಲ್ಲಿ ವಾರ್ಡುಗಳು ತುಂಬುತ್ತವೆ, ಪ್ರತಿ ಹಾಸಿಗೆಗೂ ಸಲೈನ್ ಜೊತೆ ಆ್ಯಂಟಿಬಯೋಟಿಕ್ ಹೋಗುತ್ತದೆ. ಹೆಚ್ಚಿನ ಭೇದಿಯಲ್ಲಿ ಜೀವ ಉಳಿಸುವುದು ನೀರು ಮತ್ತು ಲವಣ. ಮಕ್ಕಳಿಗೆ ಓಆರ್‌ಎಸ್ ಜೊತೆ ಸತುವಿನ ಗುಳಿಗೆ. ತೀವ್ರ ಕಾಲರಾ, ರಕ್ತಭೇದಿ ಇದ್ದಾಗ ಆ್ಯಂಟಿಬಯೋಟಿಕ್‌ಗೆ ಸ್ಥಾನವಿದೆ. ಕುಡಿಯುವ ನೀರಿನ ಪೈಪು ಚರಂಡಿಯ ಪಕ್ಕದಲ್ಲಿ ಸೋರುತ್ತಿರುವಾಗ ಆಸ್ಪತ್ರೆಯ ಆ್ಯಂಟಿಬಯೋಟಿಕ್ ಬಳಕೆ ಇಳಿಯಲಿ ಎಂದರೆ ಹೇಗೆ ಇಳಿದೀತು? ನಗರಸಭೆಯ, ಗ್ರಾಮ ಪಂಚಾಯಿತಿಯ ನೀರಿನ ಕೆಲಸವೂ ಈ ಲೆಕ್ಕದಲ್ಲೇ ಬರುತ್ತದೆ.

ತಂಗಿಯವರ ಸಿಸೇರಿಯನ್ ವಿಷಯದಲ್ಲಿ ಉತ್ತರ ಹೆಚ್ಚು ಸ್ಪಷ್ಟವಾಗಿದೆ. ಮೊದಲೇ ಸೋಂಕು ಇಲ್ಲದಿದ್ದರೆ, ಚರ್ಮ ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಸೆಫಾಜೊಲಿನ್‌ನಂಥ ಔಷಧದ ಒಂದು ಡೋಸ್ ಸಾಕು. ಚಾಕು ತಾಗುವ ಹೊತ್ತಿಗೆ ಔಷಧ ಅಂಗಾಂಶದಲ್ಲಿರಬೇಕು; ಕಾಪಾಡುವುದು ಅದೇ. ಹೊಲಿಗೆ ಹಾಕಿ ಮುಗಿದ ಮೇಲೆ ಮುನ್ನೆಚ್ಚರಿಕೆಗೆಂದು ಮುಂದುವರಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಶಿಫಾರಸು ಮಾಡಿದೆ. ಏಳು ದಿನ ಕೊಟ್ಟರೆ ಗಾಯದ ಸೋಂಕು ಇನ್ನಷ್ಟು ಕಡಿಮೆಯಾಗುವುದಿಲ್ಲ. ತಾಯಿಯ ಕರುಳಿನಲ್ಲಿ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚುತ್ತದೆ, ಕೈಯಲ್ಲಿ ಅಷ್ಟು ದಿನ ಸೂಜಿ ಉಳಿಯುತ್ತದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ನಂತರ ಬಾಣಂತಿಯರು ತೀರಿಕೊಂಡ ಮೇಲೆ ಮನೆಮನೆಗಳಲ್ಲಿ ಹುಟ್ಟಿದ ಭಯ ನನಗೆ ಅರ್ಥವಾಗುತ್ತದೆ. ಆ ಭಯ ವೈದ್ಯರಲ್ಲೂ ಇದೆ. ಆದರೆ ಅಲ್ಲಿ ಅನುಮಾನ ಎದ್ದದ್ದು ನರಕ್ಕೆ ಹಾಕುವ ದ್ರಾವಣದ ಗುಣಮಟ್ಟದ ಮೇಲೆ. ಆ್ಯಂಟಿಬಯೋಟಿಕ್ ದಿನಗಳನ್ನು ಹೆಚ್ಚಿಸುವುದು ಅಂಥ ಅಪಾಯಕ್ಕೆ ರಕ್ಷೆಯಾಗುವುದಿಲ್ಲ.

ಮನೆಯವರು ಏನು ಕೇಳಬಹುದು ಎಂದಿರಿ. ಬೆಳಗಿನ ರೌಂಡ್ಸ್ ಹೊತ್ತಿನಲ್ಲಿ, ಜಗಳದ ದನಿಯಿಲ್ಲದೆ, ಮೊದಲ ದಿನ ಒಂದು ಪ್ರಶ್ನೆ ಕೇಳಿ: ‘ಸರ್, ಇಂಜೆಕ್ಷನ್ ಕೊಡುವ ಮುಂಚೆ ಕಲ್ಚರ್‌ಗೆ ತೆಗೆದುಕೊಳ್ಳುತ್ತೀರಾ?’ ಅದರ ಖರ್ಚಿಗೆ ಹಿಂಜರಿಯಬೇಡಿ. ಮೆರೋಪೆನೆಮ್‌ನ ಅನಗತ್ಯ ದಿನಗಳ ಖರ್ಚು ಅದಕ್ಕಿಂತ ಹೆಚ್ಚು. ಮೂರನೆಯ ದಿನ ಇನ್ನೊಂದು: ‘ಮೇಡಂ, ವರದಿ ಬಂತೇ? ಈ ಔಷಧಗಳಲ್ಲಿ ಯಾವುದನ್ನಾದರೂ ನಿಲ್ಲಿಸಬಹುದೇ, ಊಟ ಸೇರುತ್ತಿದೆ, ಗುಳಿಗೆಗೆ ಬದಲಿಸಬಹುದೇ?’ ಆ್ಯಂಟಿಬಯೋಟಿಕ್ ಬರೆಯುವಾಗ ಕಾರಣವನ್ನೂ ಬರೆಯಬೇಕೆಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು 2024ರ ಜನವರಿಯಲ್ಲಿ ವೈದ್ಯಕೀಯ ಕಾಲೇಜುಗಳ ವೈದ್ಯರಿಗೆ ಪತ್ರ ಬರೆದು ಕೋರಿದ್ದರು. ಹಾಗಾಗಿ ‘ಯಾವ ಸೋಂಕಿಗೆ’ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ‘ಇನ್ನೂ ಪವರ್ ಇರುವುದನ್ನು ಹಾಕಿ’, ‘ಸಲೈನ್ ಹಚ್ಚದೆ ಹೇಗೆ ವಾಸಿಯಾದೀತು’ ಎಂಬ ಒತ್ತಾಯವನ್ನು ಮಾತ್ರ ದಯವಿಟ್ಟು ಮಾಡಬೇಡಿ. ಎಷ್ಟೋ ವೈದ್ಯರು ತಮಗೆ ಬೇಡವೆನಿಸಿದರೂ ಆ ಒತ್ತಾಯಕ್ಕೆ ಮಣಿಯುವುದನ್ನು ಬಲ್ಲೆ.

ಕೊನೆಗೆ ಉಳಿದ ಗುಳಿಗೆಗಳು. ಇಟ್ಟುಕೊಳ್ಳಬೇಡಿ, ನೆರೆಯವರಿಗೂ ಕೊಡಬೇಡಿ. ಮುಂದಿನ ಜ್ವರ ಮೂತ್ರದ್ದೇ ಆಗಿರಬೇಕೆಂದಿಲ್ಲ. ಆಗಿದ್ದರೂ ಎರಡು ಗುಳಿಗೆ ನುಂಗಿ ಬಂದರೆ ಕಲ್ಚರ್ ಮತ್ತೆ ‘ಬೆಳವಣಿಗೆ ಇಲ್ಲ’ ಎಂದೇ ಬರುತ್ತದೆ. ಫಾರೋಪೆನೆಮ್ ಅನ್ನು ಚೀಟಿಯಿಲ್ಲದೆ ಮಾರುವಂತೆಯೂ ಇಲ್ಲ: 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಔಷಧವದು, ಅಂಗಡಿಯವರು ರೋಗಿಯ ಮತ್ತು ವೈದ್ಯರ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಹಾಗೆಯೇ, ತಾಯಿಯವರಿಗೆ ಉರಿ, ಜ್ವರ, ನೋವು ಏನೂ ಇಲ್ಲದಿರುವಾಗ ‘ಒಮ್ಮೆ ನೋಡಿಬಿಡೋಣ’ ಎಂದು ಮೂತ್ರದ ಕಲ್ಚರ್ ಮಾಡಿಸಬೇಡಿ. ಸಕ್ಕರೆ ಕಾಯಿಲೆಯ ಹಿರಿಯ ಮಹಿಳೆಯರ ಮೂತ್ರದಲ್ಲಿ ತೊಂದರೆ ಕೊಡದ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ, ಅದಕ್ಕೆ ಚಿಕಿತ್ಸೆ ಬೇಡ. ಸಕ್ಕರೆಯನ್ನು ಹತೋಟಿಯಲ್ಲಿಡಿ, ನೀರು ಸಾಕಷ್ಟು ಕುಡಿಯಲಿ. ಮತ್ತೆ ಚಳಿಜ್ವರ ಬಂದರೆ ಅದೇ ದಿನ ವೈದ್ಯರ ಬಳಿ ಕರೆದೊಯ್ಯಿರಿ, ಈ ಸಲದ ಡಿಸ್ಚಾರ್ಜ್ ಪತ್ರ ಜೊತೆಗಿರಲಿ. ಮೂರು ತಿಂಗಳ ಹಿಂದೆಯಷ್ಟೇ ಮೆರೋಪೆನೆಮ್ ಆಗಿದೆ ಎಂಬ ಒಂದು ಸಾಲು, ಹೊಸ ವೈದ್ಯರು ಮೊದಲ ಔಷಧವನ್ನು ಆರಿಸುವ ರೀತಿಯನ್ನೇ ಬದಲಿಸುತ್ತದೆ.